ಎರಡು, ಮೂರು

"ಈಗ ಹೇಳ್ರಿ, ಇದು ಅಡ್ಡ ಗೆರಿನ ಎಲ್ಲೆಲ್ಲಿ ದಾಟೈತಿ?" ಎಂದು ನಿಲೋಫರ್ ಗಂಡನನ್ನು ಕೇಳಿದಳು.

ಆಸಿಫ್ ಗ್ರಾಫ್ ಕ್ಯಾಲ್ಕ್ಯುಲೇಟರನ್ನು ಮುಖದ ಹತ್ತಿರ ಹಿಡಿದ. ಪುಟ್ಟ ಪರದೆಯ ಮೇಲೆ ಸಮೀಕರಣದ ವಕ್ರರೇಖೆ ಬಟ್ಟಲಿನಂತೆ ಮೂಡಿತ್ತು.

"ಎರಡು... ಮೂರು."

"ಬರೋಬರಿ." ಅವಳು ಅವನ ತುಟಿಯಂಚನ್ನು ಸೆರಗಿನಿಂದ ಒರೆಸಿದಳು.

ನೇಸರಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದ ಆಸಿಫ್‌ಗೆ ಬೇಸಿಗೆ ರಜೆಯಲ್ಲಿ ಲಕ್ವ ಹೊಡೆದಿತ್ತು. ಬಲಗೈ ನಿಧಾನಕ್ಕೆ ಹಿಡಿತಕ್ಕೆ ಬಂತು, ಲೆಕ್ಕ ಬರಲಿಲ್ಲ. ಹಿಂದೆ ಪುಣೆಯಿಂದ ತಂದು, ಮಕ್ಕಳಿಗೆಲ್ಲ ತೋರಿಸಿ ಹಿಗ್ಗಿದ್ದ ಈ ಯಂತ್ರವನ್ನು ನಿಲೋಫರ್ ಒಮ್ಮೆ ಅವನ ಕೈಗಿಟ್ಟಾಗ ಬೆರಳುಗಳು ತಾವಾಗಿಯೇ ಗುಂಡಿಗಳನ್ನು ಹುಡುಕಿಕೊಂಡವು. ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು. ಅಂದಿನಿಂದ ದಿನಾ ಅಭ್ಯಾಸ. ಹತ್ತನೇ ತರಗತಿಯ ಪುಸ್ತಕದಿಂದ ದಿನಾ ಅದೇ ಒಂದು ಸಮೀಕರಣ ಕೊಡುತ್ತಿದ್ದಳು. ಬೇರೆಯದನ್ನು ಕೊಟ್ಟು ನೋಡುವ ಧೈರ್ಯ ಅವಳಿಗಾಗಿರಲಿಲ್ಲ.

ಶಾಲೆ ಶುರುವಾಗಿ ಬಹಳ ದಿನವಾಗಿತ್ತು. ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವ ಮುಂಚೆ ಒಮ್ಮೆ ಕಣ್ಣಾರೆ ನೋಡಬೇಕೆಂದು ಹೆಡ್‌ಮಾಸ್ತರ ಮಲ್ಲಿಕಾರ್ಜುನ ಆ ಸಂಜೆ ಬಂದರು.

"ಹೆಂಗದೀರಿ ಸರ?"

"ಚಲೋ... ಅದೀನ್ರಿ."

ನಿಲೋಫರ್ ಚಹಾ ಕೊಟ್ಟು ಅಲ್ಲೇ ನಿಂತಳು. "ಲೆಕ್ಕಾ ಮಾಡಾಕ ಹತ್ಯಾರ್ರಿ. ಮಶೀನ್ ಹಿಡಕೊಂಡು ಕ್ಲಾಸ್ ತಗೋಬಹುದ್ರಿ. ನೀವ ಒಂದು ಕೊಟ್ಟು ನೋಡ್ರಿ," ಎಂದು ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಮುಂದೆ ಹಿಡಿದಳು.

"ಪುಸ್ತಕ ಯಾಕ ಬೇಕ್ರಿ ಭಾಬಿ," ಎಂದರು ಹೆಡ್‌ಮಾಸ್ತರರು. ಅವರೂ ಗಣಿತದವರೇ. ಜೇಬಿನ ಪೆನ್ನು ತೆಗೆದು ಅಲ್ಲೇ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಬರೆದರು: ಎಕ್ಸ್ ವರ್ಗ, ಕೂಡಿಸು ನಾಲ್ಕು, ಸಮ ಸೊನ್ನೆ.

ಆಸಿಫ್ ಒಂದು ಗುಂಡಿಯನ್ನೂ ತಪ್ಪಿ ಒತ್ತಲಿಲ್ಲ. ಪರದೆಯ ಮೇಲೆ ಬಟ್ಟಲು ಮೂಡಿತು. ಬಗ್ಗಿ ನೋಡುತ್ತಿದ್ದ ಹೆಡ್‌ಮಾಸ್ತರರ ಮುಖ ಅರಳಿತು. ಆದರೆ ಬಟ್ಟಲು ಈ ಸಲ ಮೇಲೆಯೇ ನಿಂತಿತ್ತು. ಕೆಳಗಿನ ಅಡ್ಡ ಗೆರೆಯನ್ನು ಎಲ್ಲಿಯೂ ಮುಟ್ಟಿರಲಿಲ್ಲ. ಮುಟ್ಟದಿದ್ದರೆ ಉತ್ತರವಿಲ್ಲ ಎಂಬುದನ್ನು ಇಷ್ಟು ದಿನದಲ್ಲಿ ನಿಲೋಫರ್ ಕೂಡ ಕಲಿತಿದ್ದಳು. ಇಲ್ಲ ಅನ್ನಲಿ, ಅಷ್ಟು ಸಾಕು, ಎಂದು ಗಂಡನ ಬಾಯನ್ನೇ ನೋಡಿದಳು.

"ಉತ್ತರ ಏನ್ರಿ ಸರ?"

ಆಸಿಫ್ ಪರದೆ ನೋಡಿದ. ಹೆಂಡತಿಯನ್ನು ನೋಡಿ ನಕ್ಕ. "ಎರಡು, ಮೂರು," ಎಂದ. ಈ ಸಲ ತೊದಲಲೂ ಇಲ್ಲ.

ಹೊರಗೆ ಬೈಲಹೊಂಗಲದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

"ಬರೋಬರಿ ಐತ್ರಿ ಸರ," ಎಂದರು ಹೆಡ್‌ಮಾಸ್ತರರು. ನಿಲೋಫರ್ ಕಡೆ ನೋಡಲಿಲ್ಲ. ಉಳಿದ ಚಹಾ ಕುಡಿದು ಎದ್ದರು.

ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿದರು. "ಸೋಮವಾರದಿಂದ ಬ್ಯಾರೆ ಮಾಸ್ತರ ಬರ್ತಾರ್ರಿ ಭಾಬಿ. ಸರಗ ನೀವ ಸಾವಕಾಶ ಹೇಳ್ರಿ."

"ಇನ್ನೊಂದ ತಿಂಗಳ ನೋಡಬಹುದಿತ್ತಲ್ರಿ."

ಅವರು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದರು. ಮೆಟ್ಟಿಲಿಳಿದು ಹೋದರು.

ಒಳಗೆ ಆಸಿಫ್ ಎದ್ದು ನಿಂತಿದ್ದ. "ಬರೋಬರಿ ಅಂದ್ರು," ಎಂದ. ಕಣ್ಣುಗಳು ಹೊಳೆಯುತ್ತಿದ್ದವು. "ನಾಳಿ... ಸಾಲಿ. ಬಿಳಿ ಅಂಗಿ ಎಲ್ಲೈತಿ?"

ನಿಲೋಫರ್ ಕಪಾಟಿನಿಂದ ಅಂಗಿ ತೆಗೆದಳು. ನೆಲದ ಮೇಲೆ ಚಾದರ ಹಾಸಿ, ನೀರು ಚಿಮುಕಿಸಿ, ಕಾಲರಿನಿಂದ ಹಿಡಿದು ಇಸ್ತ್ರಿ ಮಾಡತೊಡಗಿದಳು. ಆಸಿಫ್ ಪಕ್ಕದಲ್ಲೇ ಕುಳಿತು, ತೋಳಿನ ಸುಕ್ಕು ಒಂದೊಂದಾಗಿ ಹೋಗುವುದನ್ನು ನೋಡುತ್ತಿದ್ದ.