ಹಾಡಿನ ಬಾವಿಗೆ ಕುಂಕುಮ

ಯಾವ ಕಾಲವೋ, ಯಾವ ಸೀಮೆಯೋ, ನೀರಿನ ಬದಲು ಹಾಡು ತುಂಬಿದ ಬಾವಿಯೊಂದಿತ್ತಂತೆ. ಕೊಡ ಇಳಿಸಿದರೆ ಸೋಬಾನೆ, ಚರಿಗೆ ಇಳಿಸಿದರೆ ಜೋಗುಳ. ಬಾವಿ ಕಾಯುವ ಹುಡುಗಿಗೆ ಇದ್ದದ್ದು ಒಂದೇ ಕಟ್ಟಳೆ: ಕೇಳಿ ಬಂದವರಿಗೆ ನಾಳೆ ಅನ್ನಬಾರದು. ಅಂದರೆ ಹಾಡು ಒಂದು ಮೊಳ ಕೆಳಗಿಳಿಯುತ್ತದೆ. ಹುಡುಗಿ ಒಳ್ಳೆಯವಳೇ, ಆದರೆ ಮೋಡ ನೋಡುತ್ತ ಕೂತರೆ ಕೂತೇಬಿಡುವವಳು. ಒಂದು ದಿನ ನಾಳೆ ಅಂದಳು. ಮರುದಿನವೂ ನಾಳೆ ಅಂದಳು. ಕೊನೆಗೆ ಯಾರೋ ಒಬ್ಬ ತಾಯಿ ಬಂದು ಕೊಡ ಇಳಿಸಿದಾಗ ಹಗ್ಗ ಸಾಲಲಿಲ್ಲ.

ಮುಂದೇನಾಯಿತು ಎಂಬುದನ್ನು ಅಜ್ಜಿ ಅನ್ನಪೂರ್ಣವ್ವ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದಳು. ಬೆಟಗೇರಿಯ ನೇಕಾರರ ಓಣಿಯಲ್ಲಿ ಅದನ್ನು ಕೇಳುತ್ತಲೇ ಬೆಳೆದ ಮೊಮ್ಮಗಳು ಸ್ನೇಹಾಗೆ ಇವತ್ತು ನೆನಪಾದದ್ದು ಮಾತ್ರ ಆ ಸಾಲದೆ ಹೋದ ಹಗ್ಗ.

ಬಚ್ಚಲಿನಿಂದ ತಲೆಗೆ ಟವೆಲು ಸುತ್ತಿಕೊಂಡು ಬಂದವಳು ಪಡಸಾಲೆಯಲ್ಲೇ ನಿಂತುಬಿಟ್ಟಳು. ಮೂಲೆಯ ಮೇಜಿನ ಮೇಲೆ ಅವಳ ಹಳೆಯ ಕಂಪ್ಯೂಟರು ಮದುಮಗನ ಹಾಗೆ ಕೂತಿತ್ತು. ಹಣೆಗೆ ಒದ್ದೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ, ಮೈಮೇಲೆ ಚೆಂಡುಹೂವಿನ ಮಾಲೆ. ಪಕ್ಕದ ರೌಟರಿನ ಎರಡು ಕೊಂಬುಗಳ ನಡುವೆ ಸೇವಂತಿಗೆ. ಕಂಪ್ಯೂಟರಿನಲ್ಲಿ ಸದಾ ಮಿಣುಕುತ್ತಿದ್ದ ಹಸಿರು ದೀಪ ಮಾತ್ರ ಇರಲಿಲ್ಲ.

"ಅವ್ವಾ, ಇದನ್ಯಾಕ ಆರಿಸೀದಿ?"

"ಖಂಡೇಪೂಜಿ ಅಲ್ಲೇನ? ಮಗ್ಗಕ್ಕ ಮಾಡಿದೆ, ಹೊಲಿಗಿ ಮಷೀನಿಗೆ ಮಾಡಿದೆ. ನಿನ್ನ ಪೆಟಗಿ ಒಂದ ಬಿಟ್ರ ಅದಕ್ಕ ಸಿಟ್ಟು ಬರಂಗಿಲ್ಲೇನು?" ತಾಯಿ ಶೈಲಾ ಅಡುಗೆಮನೆಯಿಂದಲೇ ಕೂಗಿದಳು. "ನಾಳಿ ಬನ್ನಿ ಕೊಟ್ಟು ತಗೊಂಡಮ್ಯಾಗ ಹಚ್ಚೀಯಂತ. ಅಲ್ಲೀತನಾ ಯಾರೂ ಮುಟ್ಟೂಹಂಗಿಲ್ಲ."

ನಾಳೆ. ಬಾವಿಯ ಹಾಡು ಇನ್ನೊಂದು ಮೊಳ ಕೆಳಗಿಳಿದಂತೆ ಸ್ನೇಹಾಗೆ ಅನಿಸಿತು.

ಆ ಪೆಟ್ಟಿಗೆ ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರಿಂದ ಬಂದದ್ದು. ಓಣಿಯ ಮನೆಮನೆಯ ಅಟ್ಟದ ಕ್ಯಾಸೆಟ್ಟುಗಳನ್ನು ಬೇಡಿ ತಂದು ಅದರೊಳಗೆ ತುಂಬಿಸಿದ್ದಳು. ಅವಳ ಹಾಗೆಯೇ ಹಾಡಿನ ಹುಚ್ಚಿನವರು ಇನ್ನಿಬ್ಬರಿದ್ದರು: ಲಕ್ಷ್ಮೇಶ್ವರದ ಅಲ್ಫಿಯಾ, ಮುಂಡರಗಿ ಕಡೆಯ ಹಮ್ಮಿಗಿಯ ಮೌನೇಶ. ಹಳೆಯ ಕ್ಯಾಸೆಟ್ಟುಗಳ ಬಗ್ಗೆ ಹರಟುವ ಆನ್‌ಲೈನ್ ಗುಂಪಿನಲ್ಲಿ ಪರಿಚಯವಾದವರು. ಎದುರಾಬದುರು ಯಾರೂ ಯಾರನ್ನೂ ಕಂಡಿರಲಿಲ್ಲ. ಆದರೂ ಮೂವರೂ ತಮ್ಮ ತಮ್ಮ ಮನೆಯ ನೆಟ್ಟಿಗೆ ಒಂದು ಹಿಂಬಾಗಿಲು ಮಾಡಿ, ಕೀಲಿಯನ್ನು ಉಳಿದಿಬ್ಬರಿಗೆ ಕೊಟ್ಟಿದ್ದರು. ಹೊಳೆದಂಡೆಯ ಹಮ್ಮಿಗಿಯಲ್ಲಿ ಕೂತು ಮೌನೇಶ ಬೆಟಗೇರಿಯ ಭಜನೆ ಕೇಳುತ್ತಿದ್ದ. ಸ್ನೇಹಾ ಅವನ ಮನೆಯ ಡೊಳ್ಳಿನ ಪದ ಹಚ್ಚಿಕೊಂಡು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅಜ್ಜಿಯ ಕಥೆ ಕೇಳಿದ ಮೇಲೆ ಈ ಏರ್ಪಾಟಿಗೆ ಬಾವಿ ಎಂದೇ ಹೆಸರಾಯಿತು. ಯಾರೂ ಏನನ್ನೂ ಇಳಿಸಿಕೊಂಡು ಇಟ್ಟುಕೊಳ್ಳುತ್ತಿರಲಿಲ್ಲ. ಬೇಕಾದಾಗ ಹೋಗಿ ಕೇಳಿದರಾಯಿತು, ಎಲ್ಲಿ ಓಡಿಹೋಗುತ್ತದೆ?

ಅಲ್ಫಿಯಾ ಒಬ್ಬಳು ಮಾತ್ರ ಒಮ್ಮೆ ತನ್ನ ಹಾಡಿನ ಗಂಟನ್ನೆಲ್ಲ ಕಳಿಸಿ, "ಒಂದು ಪ್ರತಿ ನಿನ್ನ ಹಂತೇಕ ಇರಲಿ ಲೇ" ಅಂದಿದ್ದಳು. ಅವಳ ತಂದೆ ರಹಮಾನಸಾಬರು ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುವ ಮೇಳದ ಮುಂದಾಳು. ಅವರು ತೀರಿಕೊಳ್ಳುವ ಮುಂಚೆ ಮನೆಯಂಗಳದಲ್ಲಿ ಹಾಡಿದ್ದನ್ನು ಮಗಳು ಹಿಡಿದಿಟ್ಟಿದ್ದಳು. ಈ ಮಳೆಗಾಲದ ಸಿಡಿಲಿಗೆ ಅಲ್ಫಿಯಾಳ ಡಿಸ್ಕು ಸುಟ್ಟುಹೋಯಿತು. ಈಗ ಲೋಕದಲ್ಲಿ ರಹಮಾನಸಾಬರ ದನಿ ಉಳಿದದ್ದು ಈ ಕುಂಕುಮದ ಹಿಂದೆ ಮಾತ್ರ.

"ಕಳಸ್ತೀನಿ ಬಿಡಲೇ, ನಾಳಿ," ಎಂದು ಸ್ನೇಹಾ ಎಷ್ಟು ಸಲ ಅಂದಿದ್ದಳೋ. ಒಂದು ದಿನ ಹೊಸ ಸೀರೆಯ ಬಣ್ಣ ನೋಡುತ್ತ ಮರೆತಳು, ಇನ್ನೊಂದು ದಿನ ಮಹಡಿಯ ಮೇಲೆ ಸುಮ್ಮನೆ ನಿಂತು. ಇವತ್ತು ರಹಮಾನಸಾಬರ ವರ್ಷದ ಫಾತಿಹಾ, ತೀರಿಹೋದವರಿಗಾಗಿ ಪ್ರಾರ್ಥನೆ. ಸಂಜೆ ಮೇಳದವರೆಲ್ಲ ಅವರ ಅಂಗಳದಲ್ಲಿ ಸೇರುತ್ತಾರೆ. ಬೆಳಿಗ್ಗೆ ಫೋನು ಮಾಡಿದ್ದ ಅಲ್ಫಿಯಾ ದನಿ ತಗ್ಗಿಸಿ ಹೇಳಿದ್ದಳು: "ವರ್ಷದಿಂದ ಅಮ್ಮಿ ಅಬ್ಬಾನ ದನಿ ಹಚ್ಚಬ್ಯಾಡ ಅಂತಿದ್ಲು. ಇವತ್ತ ತಾನಾಗೇ ಕೇಳ್ಯಾಳ ನೋಡು. ಪದಾ ಅಲ್ಲಂತ, ಪದದ ಮುಂಚೆ ಏನೋ ಅಂದಾರಂತ, ಅದನ್ನ ಕೇಳಬೇಕಂತ."

"ಸಂಜಿಮುಂದ ಚಾ ಹೊತ್ತಿಗೆ ನಿನ್ನ ಕೈಯಾಗಿರ್ತೈತಿ. ಆಣಿ," ಎಂದು ಹೇಳಿ ಸ್ನೇಹಾ ಸ್ನಾನಕ್ಕೆ ಹೋಗಿದ್ದಳು.

ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಶೈಲಾ ಹೋಳಿಗೆ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಸಿಟ್ಟೇನೂ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ನಿಮ್ಮಪ್ಪನ ಬಟ್ಟ ನೋಡಿ ಬಾ ಹೋಗು," ಅಂದಳು ಮೆಲ್ಲಗೆ.

ಆ ಬೆರಳನ್ನು ನೋಡುವ ಅಗತ್ಯವಿರಲಿಲ್ಲ. ಹಿಂದೊಂದು ಖಂಡೇಪೂಜೆಯ ದಿನ, ವ್ಯಾಪಾರಿ ಅವಸರ ಮಾಡಿದನೆಂದು ಅಪ್ಪ ಮಹಾದೇವ ಪೂಜೆಯಾದ ಮಗ್ಗ ಚಾಲು ಮಾಡಿದ್ದ. ಬಲಗೈ ತೋರುಬೆರಳಿನ ತುದಿ ಆವತ್ತು ಹೋದದ್ದು. ಮಗ್ಗದ ಪಟ್ಟಿ ಸವೆದಿತ್ತು ಎಂದು ಅಪ್ಪ ಈಗಲೂ ಹೇಳುತ್ತಾನೆ. ಅವ್ವ ಮಾತ್ರ ಏನೂ ಹೇಳುವುದಿಲ್ಲ; ವರ್ಷಕ್ಕೊಮ್ಮೆ ಒಂದೊಂದು ಯಂತ್ರದ ಮುಂದೆಯೂ ಕಣ್ಣುಮುಚ್ಚಿ ಬಹಳ ಹೊತ್ತು ನಿಲ್ಲುತ್ತಾಳೆ.

ಫೋನು ಗುಂಯ್ ಎಂದಿತು. ಅಲ್ಫಿಯಾ. "ಕಬರಸ್ತಾನದಿಂದ ಬಂದ್ವಿ. ಬಾವಿ ಮುಚ್ಚೇತಿ ಅಂತ ತೋರಸಾಕತ್ತೈತಿ. ಕರೆಂಟ ಹೋಗೇತೇನು?"

ಹೌದು ಅನ್ನಬಹುದಿತ್ತು. ಕರೆಂಟಿನ ಮೇಲೆ ಹಾಕಿದರೆ ಯಾರೂ ನಂಬದೆ ಇರುವುದಿಲ್ಲ. "ಒಂಚೂರ ತಡಿ" ಎಂದಷ್ಟೇ ಬರೆದು, ಸ್ನೇಹಾ ಮೌನೇಶನಿಗೆ ಫೋನು ಹಚ್ಚಿ, ರಹಮಾನಸಾಬರ ಪದ ಅವನ ಹತ್ತಿರ ಇದೆಯೇ ಎಂದು ಕೇಳಿದಳು.

"ಕೇಳೇನವಾ ಭಾಳ ಸಲ, ನಿನ್ನ ಬಾವಿಗೇ ಬಂದು ಕೇಳೇನಿ," ಅಂದ ಮೌನೇಶ. "ಇಟಗೊಂಡಿಲ್ಲ. ನಿನ್ನ ಡಿಸ್ಕ ಆವಾಗ ಟಕ್ ಟಕ್ ಅಂತಿತ್ತಲ್ಲ, ಬ್ಯಾರೇದಕ್ಕ ಹಾಕಿದೆಲ್ಲಾ?"

ಹಾಕಿರಲಿಲ್ಲ. ಆ ಟಕ್ ಟಕ್ ಸದ್ದು ದಸರೆಗೂ ಮುಂಚಿನಿಂದ ಇತ್ತು. ಅದಕ್ಕೂ ನಾಳೆ ಅಂದಿದ್ದಳು. ಈಗ ಅವ್ವ ನಡೆಯುತ್ತಿದ್ದ ಯಂತ್ರವನ್ನು ಗೋಡೆಯ ಸ್ವಿಚ್ಚಿನಿಂದ ಏಕಾಏಕಿ ಆರಿಸಿದ್ದಾಳೆ, ಮೇಲಿಂದ ಒದ್ದೆ ವಿಭೂತಿ. ಒಂದು ಹನಿ ಸಂದಿಯಿಂದ ಒಳಗೆ ಇಳಿದಿದ್ದರೆ? ಎದ್ದೇಳುವುದೇ ಇಲ್ಲವಾದರೆ? ಸ್ನೇಹಾ ಮೇಜಿನ ಮುಂದೆ ಬಗ್ಗಿ, ಮುಟ್ಟದೆ, ಮಾಲೆಯ ಸಂದಿಯಿಂದ ಇಣುಕಿದಳು. ಏನೂ ಕಾಣಲಿಲ್ಲ. ಮಗ್ಗಗಳು ನಿಂತ ಓಣಿ ಸುಮ್ಮನಿತ್ತು.

ಅವ್ವ ನೈವೇದ್ಯದ ತಾಟು ಹಿಡಿದು ಎದುರುಮನೆಗೆ ಹೋದಳು. ಪಡಸಾಲೆಯಲ್ಲಿ ಯಾರೂ ಇಲ್ಲವೆನಿಸಿತು. ಸ್ನೇಹಾಳ ಕೈ ಗೋಡೆಯ ಸ್ವಿಚ್ಚಿನತನಕ ಹೋಯಿತು. ಆಗಲೇ ಹಿತ್ತಲಿನಿಂದ ಅಪ್ಪನ ಕೆಮ್ಮು ಕೇಳಿತು. ಮೊಂಡು ಬೆರಳು ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆ ಬಂತು. ಕದ್ದು ಹಚ್ಚಿ, ನಾಳೆ ಮನೆಯಲ್ಲಿ ಯಾರಿಗಾದರೂ ಒಂದು ಮುಳ್ಳು ಚುಚ್ಚಿದರೂ ಅವ್ವ ಅದನ್ನು ಇದಕ್ಕೇ ಗಂಟುಹಾಕಿಕೊಂಡು ಕೊರಗುತ್ತಾಳೆ.

ಕಣ್ಣು ಒರೆಸಿಕೊಂಡು ತಿರುಗಿದರೆ, ಕಂಬಕ್ಕೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದ ಅನ್ನಪೂರ್ಣವ್ವ ಇವಳನ್ನೇ ನೋಡುತ್ತಿದ್ದಳು.

"ಕಳ್ಳಿ. ಬೆಕ್ಕಿನಂಗ ಹೋಗಿ ಬೆಕ್ಕಿನಂಗ ಬಂದಿ. ಏನಾತು?"

ಅಜ್ಜಿಗೂ ಎಲ್ಲ ಹೇಳಿದ್ದಾಯಿತು. ಕಂಪ್ಯೂಟರು, ಹಿಂಬಾಗಿಲು, ಕೀಲಿ. ಅಜ್ಜಿ ಕುಟ್ಟಣಿಗೆ ಕೆಳಗಿಟ್ಟಳು.

"ಆ ಹುಡುಗಿ ಲಕ್ಷ್ಮೇಶ್ವರದಾಗ ಕುಂತು ಇದರಾಗಿಂದು ತಾನ ತಗೋತಾಳೇನು? ನೀ ತೆಗೆದು ಕೊಡೂದು ಬ್ಯಾಡೇನು?"

"ಬ್ಯಾಡ. ಇದು ಎದ್ದಿದ್ರ ಸಾಕು. ಆಕಿನ ಸೇದಕೋತಾಳ."

"ಹಂಗಂದ್ರ ಸುಮ್ಮ ಯಾಕ ಅಳಾಕತ್ತೀದಿ? ನಮ್ಮ ತವರೂರು ಹರ್ತಿಯೊಳಗ ಬಾವಿ ರಾಟಿಗೆ ಖಂಡೇಪೂಜಿ ಮಾಡತಿದ್ವಿ. ಮನ್ಯಾಗಿನವರು ಮುಟ್ಟತಿರಲಿಲ್ಲ. ಹಿಂದಿನ ದಿನಾನ ಹಂಡೆ ತುಂಬಿ ಇಟಗೋತಿದ್ವಿ. ಆದ್ರ ಹಾದ್ಯಾಗ ಹೋಗವರು ನೀರಡಿಸಿ ಬಂದ್ರ? ಬಾಗಲಾ ತಗದು ಸರದು ನಿಲ್ಲತಿದ್ಲು ನಮ್ಮವ್ವ. ಬಂದವರು ತಮ್ಮ ಕೈಲೆ ತಾವ ಸೇದಕೊಂಡು ಹೋಗತಿದ್ರು. ಪೂಜಿ ಮಾಡಿದ್ದು ನಮ್ಮ ಕೆಲಸಕ್ಕ ಬಿಡುವಂತ. ಬ್ಯಾರೆಯವರ ನೀರಡಿಕಿಗೆಲ್ಲಿ ಬಿಡುವು?"

ಖಾಲಿ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಶೈಲಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

"ಅತ್ತೀ, ಮೊಮ್ಮಗಳ ಸಲುವಾಗಿ ಈಗ ಹುಟ್ಟಿಸಿದ ಕಥಿ ಅಲ್ಲಲಾ ಇದು?"

"ಹುಟ್ಟಿಸಿದ್ರ ಇನ್ನೂ ಚೊಲೋ ಹುಟ್ಟಿಸತಿದ್ದೆ. ರಾಜಕುಮಾರ ಇರತಿದ್ದ ಅದರಾಗ."

ಶೈಲಾಗೆ ನಗೆ ಬರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. "ಆಕಿ ತಾಯಿ... ವರ್ಷದಿಂದ ದನಿ ಕೇಳಿಲ್ಲಂದಿ?"

"ಕೇಳಿಲ್ಲವಾ."

ಕಂಪ್ಯೂಟರಿಗೆ ಕುಂಕುಮವಿತ್ತು, ರೌಟರಿಗೆ ಹೂವಿತ್ತು. ಗೋಡೆಯ ಬೋರ್ಡಿಗೆ ಏನೂ ಇರಲಿಲ್ಲ. ಶೈಲಾ ಅದನ್ನು ದಿಟ್ಟಿಸಿ ನೋಡಿದಳು. "ಬಾಗಲಾ ನಾ ತಗೀತೀನಿ. ನೀ ಮುಟ್ಟಬ್ಯಾಡ. ಏನಾದ್ರೂ ಆಗೂದಿದ್ರ ನನಗಾಗಲಿ." ಯಾರಾದರೂ ತಡೆಯುವ ಮೊದಲೇ ಸ್ವಿಚ್ಚು ಒತ್ತಿದಳು.

ಊರಿನ ಕರೆಂಟು ಹೋಗಿ ಬರುವುದಕ್ಕೆ ರೋಸಿ, ಶಕ್ತಿ ಬಂದೊಡನೆ ಯಂತ್ರ ತಾನಾಗಿಯೇ ಎದ್ದೇಳುವಂತೆ ಸ್ನೇಹಾ ಎಂದೋ ಮಾಡಿಟ್ಟಿದ್ದಳು. ಪಂಖ ತಿರುಗಿತು. ಚೆಂಡುಹೂವಿನ ಎಸಳು ನಡುಗಿದವು. ಆಮೇಲೆ ಟಕ್. ಟಕ್. ಟಕ್.

ಹಸಿರು ದೀಪ ಬರಲಿಲ್ಲ.

"ಏನಾತು?" ಅಂದಳು ಶೈಲಾ. ಸ್ನೇಹಾ ಪೆಟ್ಟಿಗೆಗೆ ಕಿವಿಯೊಡ್ಡಿದಳು. ಟಕ್. ಹಿತ್ತಲಿನಿಂದ ಬಂದ ಅಪ್ಪನೂ ಬಾಗಿಲಲ್ಲಿ ನಿಂತ. ಟಕ್. ಅಜ್ಜಿ ಮಾತ್ರ, ಹಠ ಮಾಡುವ ಎತ್ತಿಗೆ ಹೇಳುವಂತೆ, "ಏಳಪಾ, ಏಳು, ದೊಡ್ಡಾಂವ," ಅಂದಳು.

ಟಕ್ ನಿಂತಿತು. ಈಗ ಮೌನವೇ ಹೆಚ್ಚು ಹೆದರಿಸಿತು. ಆಗ ವಿಭೂತಿಯ ಪಟ್ಟೆಯ ಕೆಳಗೆ ಹಸಿರು ಒಮ್ಮೆ ಮಿಣುಕಿತು, ಮತ್ತೊಮ್ಮೆ ಮಿಣುಕಿತು, ಮಿಣುಕುತ್ತಲೇ ಉಳಿಯಿತು.

ಸ್ನೇಹಾ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. "ಅಲ್ಫಿಯಾ, ಬಾವಿ ತೆರದೈತಿ. ಕೇಳಕೋತ ಕುಂಡ್ರಬ್ಯಾಡ, ಪೂರಾ ಇಳಿಸಿಕೋ. ಜಲ್ದಿ! ಮೊದಲ ಅಬ್ಬಾಂದು."

"ಸಿಕ್ತು, ಸಿಕ್ತು. ಹೊಂಟೈತಿ. ಏನ ಬಸವನಹುಳ ಇದ್ದಂಗ ಐತಲೇ ನಿಮ್ಮನಿ ನೆಟ್ಟು." ಅಲ್ಫಿಯಾಳ ಹಿಂದೆ ಗಂಡಸರ ಗದ್ದಲ. ಶಿರಹಟ್ಟಿಯಿಂದ ಬಂದ ಹಿಮ್ಮೇಳದ ದ್ಯಾಮಪ್ಪ, "ಬಂತೇನ ತಂಗಿ? ಬಂತೇನ?" ಎಂದು ಬಿಡದೆ ಕೇಳುತ್ತಿದ್ದ. "ಅರ್ಧ ಬಂತು ಕಾಕಾ, ತಡೀರಿ!"

ಒಳಗೆ ಮತ್ತೆ ಟಕ್ ಅಂದಿತು. ಶೈಲಾ ಮಗಳ ಮೊಣಕೈ ಹಿಡಿದುಕೊಂಡಳು. ಓಣಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದರು. ಮೇಲಿನ ಬಲ್ಬು ಒಮ್ಮೆ ಮಂಕಾಯಿತು. ಎಲ್ಲರೂ ಅದನ್ನೇ ನೋಡಿದರು. ಬಲ್ಬು ಸರಿಹೋಯಿತು. ಫೋನಿನ ಆ ಕಡೆ ಅಲ್ಫಿಯಾ ಎಷ್ಟು ಬಂತೆಂದು ಎಣಿಸುತ್ತಿದ್ದಳು.

"ಬಂತು," ಅಂದಳು ಕೊನೆಗೆ. "ಪೂರಾ ಬಂತು. ನೆಟ್ಟ ಆರಿಸಿ ಹಚ್ಚತೀನಿ, ನನ್ನ ಫೋನಿನಾಗ ಐತೋ ಇಲ್ಲೋ ನೋಡೂಣು."

ಗದ್ದಲ ನಿಂತಿತು. ಯಾರೋ ಚಾಪೆ ಸರಿಸಿದ ಸದ್ದು. ಆಮೇಲೆ ಕೆಮ್ಮು, ತೀರಿಹೋದ ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡದ್ದು. ಹಲಗೆಯ ಚರ್ಮಕ್ಕೆ ಬೆರಳು ತಾಗಿದ ಸಣ್ಣ ಸದ್ದು. ಪದ ಎತ್ತುವ ಮೊದಲು ರಹಮಾನಸಾಬರು ಮನೆಯೊಳಗಿದ್ದ ಹೆಂಡತಿಯ ಕಡೆ ತಿರುಗಿ ಕೂಗಿದ್ದರು:

"ದಾವಲಬೀ, ಎಲ್ಲಾರಿಗೂ ಚಾ ಆತೇನ?"

ಲಕ್ಷ್ಮೇಶ್ವರದ ಅಂಗಳದಲ್ಲಿ ಬಳೆಗಳ ಸದ್ದಾಯಿತು. ಅಲ್ಫಿಯಾಳ ತಾಯಿ ಎದ್ದಿರಬೇಕು.

"ಆತ್ರಿ," ಅಂದಿತು ಒಂದು ಹೆಣ್ಣು ದನಿ. "ತಗೊಂಡು ಬಂದೆ."

ಬೆಟಗೇರಿಯ ಪಡಸಾಲೆಯಲ್ಲಿ ಶೈಲಾ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಲ್ಫಿಯಾ ಉಳಿದ ಗಂಟನ್ನೂ ಇಳಿಸಿಕೊಳ್ಳಲಿ ಎಂದು ಸ್ವಿಚ್ಚಿನ ಪಕ್ಕದಲ್ಲೇ ಕಾವಲು ಕೂತಳು. ಹೊತ್ತು ಇಳಿಯಿತು. ಹೋಳಿಗೆ ಆರಿತು. ದೀಪ ಹಚ್ಚುವ ವೇಳೆಗೆ ಸ್ನೇಹಾಳ ಫೋನಿನಲ್ಲಿ ಅಲ್ಫಿಯಾಳ ಒಂದೇ ಮಾತು ಬಂತು: "ಎಲ್ಲಾ ಮುಟ್ಟಿತು."