ನಲವತ್ತೊಂದು ಗಂಟೆ

"ಇನ್ನೊಂದ್ಸಲ. ಒಂದು, ಎರಡು, ಹೂಂ!"

ಪಕ್ಕದ ಮನೆಯ ಮೆಕ್ಯಾನಿಕ್ ಕೂಗಿದ. ನಾಲ್ಕು ಜನ ಒಟ್ಟಿಗೆ ಹೆಗಲು ಕೊಟ್ಟರೂ ಬೋಟು ಒಂದು ಗೇಣು ಸರಿಯಲಿಲ್ಲ. ಅದನ್ನು ಹೊತ್ತಿದ್ದ ಟ್ರೇಲರಿನ ಟೈರುಗಳು ನಿಂತಲ್ಲೇ ನಿಂತು ಬಿರಿದು, ನೆಲಕ್ಕೆ ಅಂಟಿಕೊಂಡಿದ್ದವು.

ಬೋಟು ಸರಿಯದೆ ಮನೆ ಯಜಮಾನನ ಶವ ಹೊರಬರುವಂತಿರಲಿಲ್ಲ. ಮನೆಯ ಮುಂದಿನ ಅಂಗಳ ಇದ್ದದ್ದೇ ಬೋಟಿನಷ್ಟು. ಬಾಗಿಲಿನಿಂದ ಗೇಟಿನವರೆಗೆ, ಗೋಡೆಗೂ ಬೋಟಿಗೂ ನಡುವೆ, ಒಬ್ಬರು ನುಸುಳುವಷ್ಟು ಸಂದಿ. ಹದಿನೆಂಟು ವರ್ಷದಿಂದ ಆ ಮನೆಯವರು ಮಗ್ಗುಲಾಗಿ ಒಳಗೆ ಬಂದು ಮಗ್ಗುಲಾಗಿಯೇ ಹೊರಗೆ ಹೋಗಿದ್ದರು. ದಿನಸಿ ಚೀಲ, ಗ್ಯಾಸ್ ಸಿಲಿಂಡರ್, ಮದುವೆಯಾಗಿ ಹೊರಟ ಮಗಳ ಪೆಟ್ಟಿಗೆ, ಎಲ್ಲವೂ ಆ ಸಂದಿಯಲ್ಲೇ ದಾಟಿದ್ದವು. ಸ್ಟ್ರೆಚರನ್ನು ಹಾಗೆ ಓರೆ ಮಾಡಲು ಬರುವುದಿಲ್ಲ.

"ಬದುಕಿದ್ದಾಗ ಇದನ್ನ ಮುಟ್ಟೋಕೆ ಬಿಡ್ಲಿಲ್ಲ ಭಾವ," ಎಂದು ಸತ್ತವನ ಭಾವಮೈದ ಬೆವರು ಒರೆಸಿಕೊಂಡ. "ಬೆರಳಚ್ಚು ಬೀಳುತ್ತೆ, ಮಾರೋವಾಗ ರೇಟ್ ಸಿಗಲ್ಲ ಅನ್ನೋರು. ಈಗ್ಲೂ ಬಿಡ್ತಿಲ್ಲ ನೋಡಿ."

ಬಸ್ ಡಿಪೋದಿಂದ ಬಂದಿದ್ದ ಹಳೆಯ ಡ್ರೈವರ್ ನಗು ನುಂಗಿಕೊಂಡ. ಸತ್ತವನು ಅಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಸ್ಟೋರ್ ನೋಡಿಕೊಂಡಿದ್ದ. ಎಲ್ಲರ ಬಾಯಲ್ಲೂ ಸ್ಟೋರಣ್ಣ. "ನಮ್ಗೆ ಬಲ್ಬ್ ಕೊಡೋಕೂ ಹಾಗೇ ಜೀವ ತಿಂತಿದ್ದ. ಸುಟ್ಟಿದ್ದನ್ನ ತಂದು ತೋರಿಸು ಅನ್ನೋನು. ರಿಟೈರ್ ಆದ ದಿನ ನೋಡಿದ್ರೆ ಕಪಾಟು ತುಂಬಾ ಹೊಸ ಸಾಮಾನು. ಆದ್ರೆ ಆ ಮಾಡೆಲ್ ಬಸ್ಸುಗಳೇ ಗುಜರಿಗೆ ಹೋಗಿದ್ವು."

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಜೀಪು ಬಂದು ನಿಂತಿತು. ಎದೆಯ ಮೇಲೆ ಪುಟ್ಟ ಲಂಗರಿನ ಚಿತ್ರವಿದ್ದ ನೀಲಿ ಅಂಗಿಯ ಮನುಷ್ಯ, ಫೈಲು ಹಿಡಿದು ಚುರುಕಾಗಿ ಇಳಿದ.

"ಸಾರ್ ಇದಾರಾ? ಹತ್ತು ಗಂಟೆಗೆ ಹಳೇ ಬೋಟ್ ಎತ್ಕೊಂಡು ಹೋಗೋಕೆ ಹೇಳಿದ್ರು. ಹೊಸದು ಸಂಜೆ..."

ಬಾಗಿಲ ಬಳಿ ರಾಶಿ ಬಿದ್ದಿದ್ದ ಚಪ್ಪಲಿಗಳನ್ನೂ ಬೀದಿಯುದ್ದಕ್ಕೂ ಹಾಕಿದ್ದ ಬಾಡಿಗೆ ಕುರ್ಚಿಗಳನ್ನೂ ಅವನು ಆಗ ನೋಡಿದ. ಫೈಲು ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

*

ಬೋಟು ಕೊಂಡ ಮೊದಲ ಭಾನುವಾರ ಸ್ಟೋರಣ್ಣ, ಹೆಂಡತಿ, ಮಗಳು ಮೂವರೂ ಸರೋವರಕ್ಕೆ ಹೋಗಿದ್ದರು. ಆಗ ಮಗಳಿಗೆ ಒಂಬತ್ತು. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ತನ್ನ ಪಾಳಿಯನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಊಟದ ಡಬ್ಬಿ ಕಟ್ಟಿಕೊಂಡು ಬಂದಿದ್ದಳು. ನೀರಿನ ನಡುವೆ ಒಂದು ಸಣ್ಣ ದ್ವೀಪವಿತ್ತು. ದಂಡೆಯಲ್ಲಿ ಮರಳು, ನಾಲ್ಕಾರು ಮರ. ಅಲ್ಲಿ ಕೂತು ಊಟ ಮಾಡುವುದೆಂದು ವಾರದಿಂದ ಮಾತಾಗಿತ್ತು.

ದಡ ಬಿಟ್ಟು ವೇಗ ಹೆಚ್ಚಿದಾಗ ತಣ್ಣನೆಯ ಹನಿಗಳು ಮುಖಕ್ಕೆ ರಾಚಿದವು. ವರ್ಷವಿಡೀ ಬಿಸಿ ಹಬೆಯಲ್ಲಿ ಹಾಸಿಗೆಬಟ್ಟೆ ಕುದಿಸುವವಳು ಅವಳು, ನಗು ತಡೆಯಲಾಗಲಿಲ್ಲ. ಮಗಳು ಕಿರುಚಿದಳು. ಅವನೂ ನಕ್ಕ. ಆಮೇಲೆ ಅವನ ಕಣ್ಣು ಸ್ಟೀರಿಂಗಿನ ಪಕ್ಕದ ಮೀಟರಿನ ಮೇಲೆ ಬಿತ್ತು. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರು ಅದು. ಅಂಗಡಿಯವನು ಹೇಳಿದ್ದ: ಮುಂದೆ ಎಕ್ಸ್‌ಚೇಂಜ್ ಮಾಡುವಾಗ ಎಲ್ಲರೂ ಮೊದಲು ನೋಡುವುದು ಇದನ್ನೇ.

ದ್ವೀಪದ ಮರಗಳ ಎಲೆ ಕಾಣುವಷ್ಟು ಹತ್ತಿರ ಬಂದಾಗ ಅವನು ಎಂಜಿನ್ ಸದ್ದು ಇಳಿಸಿದ.

"ಯಾಕ್ರೀ, ಏನಾಯ್ತು?"

"ಏನಿಲ್ಲ. ಸುಮ್ನೆ ಗಂಟೆ ಓಡ್ತಿದೆ. ಇದು ಚಿಕ್ಕದು, ಮಾರೋವರೆಗೆ ಚೆನ್ನಾಗಿಟ್ಕೊಂಡ್ರೆ ಕ್ಯಾಬಿನ್ ಇರೋ ದೊಡ್ಡದೇ ತಗೋಬಹುದು. ಆಗ ದ್ವೀಪದಲ್ಲೇ ಎರಡು ದಿನ ಇರೋಣ. ನೀನು ಮಲಗಿಕೊಂಡೇ ಬರಬಹುದು."

"ಅಲ್ಲೇ ಕಾಣ್ತಿದೆಯಲ್ಲಪ್ಪಾ," ಎಂದಳು ಮಗಳು.

"ಎಲ್ಲಿಗೂ ಓಡಿಹೋಗಲ್ಲ ಅದು," ಎಂದು ಅವನು ಬೋಟು ತಿರುಗಿಸಿದ.

ಡಬ್ಬಿ ಬಿಚ್ಚಿದ್ದು ಮನೆಯಲ್ಲಿ.

ಆಮೇಲೆ ಮಗಳ ಕಾಲೇಜು ಬಂತು, ಮನೆಯ ಮಾಡು ಸೋರಿತು, ಮದುವೆ ಬಂತು. ಪ್ರತಿ ವರ್ಷವೂ ಅವನು ಹೊಸ ಬೋಟುಗಳ ಚಿತ್ರಪಟ ತಂದು ಹೆಂಡತಿಗೆ ತೋರಿಸುತ್ತಿದ್ದ. ಮಲಗುವ ಜಾಗ ಇದು, ಒಲೆ ಇಡುವ ಜಾಗ ಇದು ಎಂದು ಬೆರಳಿಡುತ್ತಿದ್ದ. ಬೆಳಿಗ್ಗೆ ಒಂದು ಗಂಟೆ ಅಂಗಳದ ಬೋಟನ್ನು ಒರೆಸುತ್ತಿದ್ದ. ಮೊದಲ ವರ್ಷಗಳಲ್ಲಿ ಪೈಪಿನಿಂದ ನೀರು ಬಿಟ್ಟು ಎಂಜಿನನ್ನು ನಿಂತಲ್ಲೇ ಓಡಿಸಿ ನೋಡುತ್ತಿದ್ದ. ಮೀಟರು ನಲವತ್ತೊಂದಕ್ಕೆ ಬಂದಾಗ ಅದನ್ನೂ ನಿಲ್ಲಿಸಿದ.

*

"ನಂಗೆ ಗೊತ್ತೇ ಇರ್ಲಿಲ್ಲಮ್ಮ, ಕ್ಷಮಿಸಿ," ಎಂದ ನೀಲಿ ಅಂಗಿಯವನು. ಹೆಂಡತಿ ಹೊಸ್ತಿಲ ಬಳಿ ಬಂದು ನಿಂತಿದ್ದಳು. "ಮಂಗಳವಾರ ನೋಡಿದಾಗ ಗಟ್ಟಿಯಾಗೇ ಇದ್ರು."

"ಮಂಗಳವಾರ ನೀವು ಬಂದಿದ್ರಾ?"

ಅವನು ಮೆಕ್ಯಾನಿಕ್‌ನ ಮುಖ ನೋಡಿದ. ಮೆಕ್ಯಾನಿಕ್ ನೆಲ ನೋಡುತ್ತಿದ್ದ.

"ಬೋಟ್ ಚೆಕ್ ಮಾಡೋಕೆ ಬಂದಿದ್ದೆ. ನೀವು ಡ್ಯೂಟಿಗೆ ಹೋಗಿದ್ರಿ ಅನ್ಸುತ್ತೆ."

"ಏನಂದ್ರಿ ಅವರಿಗೆ?"

"ಈಗ ಯಾಕಮ್ಮ ಅದೆಲ್ಲ..."

"ಹೇಳಿ," ಎಂದಳು. "ಒಳಗೆ ಮಲಗಿರೋರು ಇನ್ನು ಬೇಜಾರು ಮಾಡ್ಕೊಳಲ್ಲ."

*

ಮಂಗಳವಾರ ಸ್ಟೋರಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನಲ್ಲೇ ಕಾದಿದ್ದ. ನೀಲಿ ಅಂಗಿಯವನು ಬಂದ ಕೂಡಲೇ ಕೈಹಿಡಿದು ಮೀಟರಿನ ಮುಂದೆ ನಿಲ್ಲಿಸಿದ.

"ನೋಡಿ. ಹದಿನೆಂಟು ವರ್ಷಕ್ಕೆ ನಲವತ್ತೊಂದು ಗಂಟೆ. ಹೊಸದೇ ಇದು."

ಆತ ಎಂಜಿನಿನ ಮುಚ್ಚಳ ಬಿಚ್ಚಿ ಒಳಗಿನ ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದ. ತಿರುಗಲಿಲ್ಲ. ಪಕ್ಕದ ಮನೆಯಿಂದ ಬಂದಿದ್ದ ಮೆಕ್ಯಾನಿಕ್ ಕೊಟ್ಟ ಸ್ಪ್ಯಾನರ್ ಹಾಕಿದ. ಆಗಲೂ ತಿರುಗಲಿಲ್ಲ. ರಬ್ಬರ್ ಕೊಳವೆಯೊಂದನ್ನು ಹಿಂಡಿದಾಗ ಅದು ಒಣ ರೊಟ್ಟಿಯಂತೆ ಪುಡಿಯಾಗಿ ಉದುರಿತು.

"ಇದೇ ತೊಂದರೆ ಸಾರ್. ಓಡಿಸಿದ್ರೆ ಎಂಜಿನ್ ಉಳಿಯುತ್ತೆ. ಸಾವಿರ ಗಂಟೆ ಓಡಿರೋದನ್ನ ಕಣ್ಮುಚ್ಚಿ ತಗೋತೀವಿ. ಇದು ಒಳಗೆ ಕಚ್ಕೊಂಡ್ಬಿಟ್ಟಿದೆ. ಬಿಚ್ಚಿ ಗುಜರಿಗೆ ಹಾಕಬೇಕು ಅಷ್ಟೇ."

ಸ್ಟೋರಣ್ಣ ಉದುರಿದ ಪುಡಿಯನ್ನು ಒರೆಸಿದ. ಆಮೇಲೆ, "ನಲವತ್ತೊಂದೇ ಗಂಟೆ," ಎಂದ, ಆತ ಸರಿಯಾಗಿ ಕೇಳಿಸಿಕೊಂಡಿರಲಿಲ್ಲವೇನೋ ಎಂಬಂತೆ.

"ಹೌದು ಸಾರ್. ನೋಡಿದೆ."

"ಸರಿ. ಗುಜರಿ ಲೆಕ್ಕದಲ್ಲೇ ತಗೊಳ್ಳಿ. ಹೊಸದು ಕಳಿಸಿ. ಉಳಿದದ್ದು ನಾನು ಹೊಂದಿಸ್ತೀನಿ. ನಮ್ಮನೆಯವಳಿಗೆ ಮಾತ್ರ ಇದು ಗೊತ್ತಾಗೋದು ಬೇಡ."

ಸಂಜೆ ಹೆಂಡತಿ ಬಂದಾಗ ಅವಳ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಟ್ಟು, "ಎಲ್ಲ ಮಾತಾಯ್ತು. ಶುಕ್ರವಾರ ಬರ್ತಾರೆ," ಎಂದಷ್ಟೇ ಹೇಳಿದ್ದ.

*

ಕೇಳಿ ಮುಗಿದ ಮೇಲೂ ಅವಳು ಹೊಸ್ತಿಲಿನಿಂದ ಅಲುಗಲಿಲ್ಲ.

"ನಿಮ್ಗೂ ಗೊತ್ತಿತ್ತಾ?" ಎಂದು ಮೆಕ್ಯಾನಿಕ್‌ನನ್ನು ಕೇಳಿದಳು. ನಿನ್ನೆ ಬೆಳಿಗ್ಗೆ ಕುಸಿದುಬಿದ್ದಿದ್ದವನನ್ನು ಮೊದಲು ನೋಡಿದವನು ಅವನೇ. "ಬೋಟ್ ಒರೆಸ್ತಾ ಕುಸಿದ್ರು ಅಂದ್ರಲ್ಲ."

"ಒರೆಸ್ತಾ ಇರ್ಲಿಲ್ಲ ಅತ್ತಿಗೆ." ಎಂದ ಮೆಕ್ಯಾನಿಕ್. "ಕೈಯಿಂದ ಎಳೆದು ಸ್ಟಾರ್ಟ್ ಮಾಡೋ ಹಗ್ಗ ಇರುತ್ತಲ್ಲ, ಅದನ್ನ ಎಳೀತಿದ್ದ. ಕಾಫಿ ಕುಡೀತಾ ಸದ್ದು ಕೇಳಿಸ್ಕೊಂಡೆ. ಹಗ್ಗ ಜಗ್ಗೋದು, ಉಸಿರು ಬಿಡೋದು. ಬೇಡ ಕಣೋ, ಅದು ಬರಲ್ಲ ಅಂತ ಹೇಳೋಣ ಅಂದ್ಕೊಂಡೆ. ಕುಡಿದು ಹೋಗೋಣ ಅಂತ ಕೂತೆ. ಬಂದು ನೋಡಿದ್ರೆ ಹಿಡಿಕೆ ಮುಷ್ಟಿಯಲ್ಲಿತ್ತು. ಬೆರಳು ಬಿಡಿಸೋಕೇ ಆಗ್ಲಿಲ್ಲ ಅತ್ತಿಗೆ ನಂಗೆ."

ಶವವಾಹನದ ಚಾಲಕ ಒಮ್ಮೆ ಗಡಿಯಾರ ನೋಡಿಕೊಂಡ. ಚಿತಾಗಾರದವರು ಹನ್ನೊಂದೂವರೆಗೆ ಸಮಯ ಕೊಟ್ಟಿದ್ದರು.

"ಇದನ್ನ ತಗೊಂಡು ಹೋಗಿ," ಎಂದಳು ಅವಳು ನೀಲಿ ಅಂಗಿಯವನಿಗೆ. "ಹೊಸದು ಕಳಿಸಬೇಡಿ."

ಒಳಗಿನಿಂದ ಮಗಳು ಓಡಿ ಬಂದಳು. "ಅಮ್ಮಾ! ಇವತ್ತೇನಾ ಅದು? ಅಪ್ಪನ ನೆನಪಿಗೆ ಅದೊಂದಾದ್ರೂ ಇರ್ಲಿ."

"ಏನು ನೆನಪಿದೆ ನಿಂಗೆ ಅದರಲ್ಲಿ?"

ಮಗಳು ಬಾಯಿ ತೆರೆದಳು. ಹುಡುಕಿದಳು. "ದ್ವೀಪಕ್ಕೆ ಹೋಗಿದ್ವಲ್ಲ..."

"ಹೋಗಿದ್ವಾ?"

ಮಗಳು ಅಳತೊಡಗಿದಳು. ತಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. "ನಲವತ್ತೊಂದರಲ್ಲಿ ನಮ್ದು ಎರಡು ಗಂಟೆ ಕಣೇ," ಎಂದಳು. "ಹೋಗ್ಲಿ ಬಿಡು. ಅವರು ಹೊರಗೆ ಬರಬೇಕಲ್ಲ."

ನೀಲಿ ಅಂಗಿಯವನು ಜೀಪಿನಿಂದ ಬೇರೆ ಎರಡು ಚಕ್ರಗಳನ್ನು ಇಳಿಸಿದ. ಟೈರಿನ ಸ್ಥಿತಿ ಮಂಗಳವಾರವೇ ಕಂಡಿದ್ದ. ಮೆಕ್ಯಾನಿಕ್ ಜಾಕ್ ಕೊಟ್ಟು ಚಕ್ರ ಬದಲಾಯಿಸಿದ. ಜೀಪು ಎಳೆದಾಗ ಟ್ರೇಲರ್ ನರಳಿ, ಗೇಟಿನ ಕಂಬಕ್ಕೆ ಉಜ್ಜಿಕೊಂಡು ಹೊರಬಂದಿತು. ಬೋಟಿನ ಹೊಳೆಯುವ ಬಿಳಿ ಮೈಮೇಲೆ ಉದ್ದಕ್ಕೂ ಒಂದು ಗೀರು ಬಿತ್ತು. ಎಲ್ಲರೂ ಅಭ್ಯಾಸಬಲದಿಂದ ಬೆಚ್ಚಿ ಮನೆಯ ಬಾಗಿಲ ಕಡೆ ನೋಡಿದರು.

ಬಾಗಿಲಿನಿಂದ ಗೇಟಿನವರೆಗೆ ಅಂಗಳ ಬಯಲಾಗಿತ್ತು. ಆರು ಜನ ಸ್ಟ್ರೆಚರ್ ಹಿಡಿದು ನೇರವಾಗಿ ನಡೆದುಬಂದರು.

ಬೀದಿ ಕಿರಿದು. ಮೊದಲು ಹೊರಬಿದ್ದ ಜೀಪು ಮುಂದೆ, ಶವವಾಹನ ಹಿಂದೆ. ದೊಡ್ಡ ರಸ್ತೆ ಸಿಗುವವರೆಗೆ ದಾಟಿ ಹೋಗಲು ಜಾಗವಿರಲಿಲ್ಲ. ಹೆಂಡತಿ ಚಾಲಕನ ಪಕ್ಕದಲ್ಲಿ ಕೂತಿದ್ದಳು. ಗಾಜಿನಾಚೆ ಬೋಟಿನ ಹಿಂಭಾಗವೇ ಕಾಣುತ್ತಿತ್ತು. ಬಸ್ ನಿಲ್ದಾಣದಲ್ಲಿ ನಿಂತಿದ್ದವರು ಮೊದಲು ಬೋಟು ನೋಡಿ ಮುಗುಳ್ನಕ್ಕರು, ಹಿಂದಿನ ವಾಹನ ಕಂಡು ಗಂಭೀರರಾದರು. ಒಬ್ಬಾಕೆ ಕೈಬೀಸಲು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡಳು.

"ದೊಡ್ಡ ರಸ್ತೆ ಬಂತು, ಹಾರ್ನ್ ಹಾಕ್ಲಾ ಅಮ್ಮ? ಪಕ್ಕಕ್ಕೆ ಹಾಕ್ತಾರೆ," ಎಂದ ಚಾಲಕ.

"ಬೇಡ."

ಇಳಿಜಾರಿನಲ್ಲಿ ಜೀಪಿನ ವೇಗ ಹೆಚ್ಚಿತು. ಮೇಲಕ್ಕೆತ್ತಿ ಕಟ್ಟಿದ್ದ ಎಂಜಿನಿನ ತುದಿಯಲ್ಲಿ, ಎದುರುಗಾಳಿಗೆ, ಗೇರಿನ ಹಿಡಿತವಿಲ್ಲದ ಪಂಖದ ರೆಕ್ಕೆಗಳು ಒಮ್ಮೆ ಅಲುಗಿದವು. ನಿಂತವು. ಮತ್ತೆ ಅಲುಗಿ ಮೆಲ್ಲಗೆ ತಿರುಗತೊಡಗಿದವು, ಆಮೇಲೆ ಜೋರಾಗಿ, ರೆಕ್ಕೆ ಮೂರೆಂದು ಎಣಿಸಲಾಗದಷ್ಟು ಜೋರಾಗಿ, ಒಣ ರಸ್ತೆಯ ಮೇಲೆ, ಒಂದಿಷ್ಟೂ ಸದ್ದಿಲ್ಲದೆ.