ಸಾವಕಾರರ ನಿದ್ದೆ

ಮಾಘದ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬ್ಯಾಡಗಿಯ ಹೊಸ ಮೆಣಸಿನಕಾಯಿ ರೈಲಿನಲ್ಲಿ ಬಂದಿತ್ತು. ಭವಾನಿ ಪೇಟೆಯ ಈರಬಸಪ್ಪನವರ ವಖಾರಿಯ ಮುಂದೆ ಬೆಳಕು ಹರಿಯುವ ಮೊದಲೇ ಗಾಡಿಗಳು ಸಾಲುಗಟ್ಟಿದ್ದವು. ಅಂಗಳದಲ್ಲಿ ಹೆಂಗಸರು ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹಮಾಲ ಕಾಡಪ್ಪ ಚೀಲವನ್ನು ಬೆನ್ನಿಗೇರಿಸಿ ಒಳಗೊಯ್ದು ಹಾಕುವನು, ಗೋಡೆ ಹಿಡಿದು ನಿಂತು ಕೆಮ್ಮುವನು, ಮತ್ತೆ ಗಾಡಿಯ ಕಡೆ ಬರುವನು.

ಅಂಗಳಕ್ಕೆ ಹೊಂದಿಕೊಂಡ ಪಡಸಾಲೆಯಲ್ಲಿ ಈರಬಸಪ್ಪನವರು ಜಮಖಾನೆಯ ಮೇಲೆ ಪದ್ಮಾಸನ ಹಾಕಿ ಕುಳಿತಿದ್ದರು. ಒಂದು ಹೊಳ್ಳೆ ಒತ್ತಿ ಇನ್ನೊಂದರಿಂದ ಉಸಿರೆಳೆದು, ತಡೆದು, ಮೆಲ್ಲಗೆ ಬಿಡುತ್ತಿದ್ದರು. ತಡೆದ ಹೊತ್ತಿನಲ್ಲಿ ಕಾಡಪ್ಪನ ಕೆಮ್ಮು ಕೇಳಿದರೆ ಅವರ ಹುಬ್ಬು ತುಸು ಅಲುಗುತ್ತಿತ್ತು.

"ಸಾವಕಾರ್ರು ಬರೇ ಗಾಳಿ ತಿಂದು ಮೈ ಮಾಡ್ಕೊಂಡಾರ ನೋಡ," ಎಂದಳು ತೊಟ್ಟು ಬಿಡಿಸುವ ಚನ್ನಬಸವ್ವ. "ನಾವೂ ದಿನಾ ಅದನ್ನ ತಿಂತೀವಿ. ನಮಗ್ಯಾಕ ಮೈಗೆ ಹತ್ತವಲ್ದು?"

"ನಮ್ಮ ಗಾಳಿಗೆ ಖಾರ ಜಾಸ್ತಿ ಬಿದ್ದದವಾ," ಎಂದ ಕಾಡಪ್ಪ. ಹೆಂಗಸರು ಸೆರಗಿನೊಳಗೇ ನಕ್ಕರು.

ಸಾವಕಾರರಿಗೆ ಈ ಯೋಗ ಹಚ್ಚಿಸಿದವಳು ಅವರ ಹೆಂಡತಿ ನಾಗವ್ವ. ಹಿಂದೊಮ್ಮೆ ಸಿಟ್ಟಿನಲ್ಲಿ ಕೂಗಾಡುತ್ತಲೇ ಅವರ ಮೂಗಿನಿಂದ ರಕ್ತ ಸುರಿದಿತ್ತು. ಹೀಗೇ ಸಿಟ್ಟು ಮಾಡಿದರೆ ಒಂದು ದಿನ ಕುಂತಲ್ಲೇ ಉರುಳುತ್ತಾರೆ ಎಂದು ಡಾಕ್ಟರು ಹೇಳಿದ್ದರು. ನಾಗವ್ವ ಯಾರ ಯಾರ ಕಾಲೋ ಹಿಡಿದು, ಆಸನ ಕಲಿಸುವ ದಿಗಂಬರಪಂತರನ್ನು ಮನೆಗೆ ಕರೆಸಿದಳು. ಎರಡು ವರ್ಷದಲ್ಲಿ ಈರಬಸಪ್ಪನವರು ಬೇರೆ ಮನುಷ್ಯರಾದರು. ಹೊಟ್ಟೆ ಕರಗಿ ಬೆನ್ನು ನೆಟ್ಟಗಾಯಿತು. ಉಂಡಿದ್ದು ಅರಗತೊಡಗಿತು. ತಲೆದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಹೆಂಡತಿಯ ಮೇಲೆ ಕೈ ಎತ್ತುವುದು ನಿಂತಿತು. ನಾಗವ್ವ ದೇವರ ಮುಂದೆ ದಿನಾ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದಳು.

ಯೋಗ ಹಚ್ಚಿಕೊಳ್ಳುವ ಮೊದಲು ಕಾಡಪ್ಪನನ್ನು ಅವರು ವರ್ಷಕ್ಕೊಮ್ಮೆಯಾದರೂ ಕೆಲಸದಿಂದ ಬಿಡಿಸುತ್ತಿದ್ದರು. ಅವರ ಬೈಗುಳ ಟಾಂಗಾ ಸ್ಟ್ಯಾಂಡಿನತನಕ ಕೇಳಿಸುತ್ತಿತ್ತು. ಅವನ ಗಂಟುಮೂಟೆ ಬೀದಿಗೆ ಬೀಳುತ್ತಿತ್ತು. ಕಾಡಪ್ಪ ಅದನ್ನು ಎತ್ತಿಕೊಂಡು ಹೋಗಿ ಹಳ್ಳದ ಸೇತುವೆಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಇತ್ತ ಸಾವಕಾರರಿಗೆ ಅನ್ನ ಸೇರುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಹೊರಳಾಡಿ ಹೊರಳಾಡಿ, ಕೋಳಿ ಕೂಗುವ ಹೊತ್ತಿಗೆ ತಾವೇ ಸೇತುವೆಗೆ ಹೋಗಿ, "ಏಳೋ ಮಗನ, ಗಾಡಿ ಬಂದು ನಿಂತಾವ" ಎನ್ನುತ್ತಿದ್ದರು. ಆ ವಾರ ಕಾಡಪ್ಪನಿಗೊಂದು ಹೊಸ ಧೋತರ ಸಿಗುತ್ತಿತ್ತು.

ಆ ದಿನ ಪ್ರಾಣಾಯಾಮ ಮುಗಿಸಿ ಎದ್ದವರು ಕಾಡಪ್ಪನನ್ನು ಹತ್ತಿರ ಕರೆದರು.

"ಕಾಡಪ್ಪಾ, ನೀ ಇನ್ನ ಬರಬ್ಯಾಡಪಾ." ಕೂಸಿಗೆ ಬುದ್ಧಿ ಹೇಳುವ ದನಿ. "ನಾ ಉಸುರು ತಡದು ಕುಂತಾಗ ನಿನ್ನ ಕೆಮ್ಮು ನಡುವ ಬರತದ. ಚಿತ್ತ ಕದಡತದ. ಇವತ್ತಿನ ಪಗಾರ ತಗೊಂಡು ಖೋಲಿ ಖಾಲಿ ಮಾಡು."

"ಹೂಂನ್ರಿ," ಎಂದ ಕಾಡಪ್ಪ, ಹೋಗಿ ಇನ್ನೊಂದು ಚೀಲಕ್ಕೆ ಬೆನ್ನು ಕೊಟ್ಟ.

ನಾಗವ್ವ ಹಿತ್ತಲ ಬಾಗಿಲಿಗೆ ಬಂದು ಅವನನ್ನು ತಡೆದಳು. "ತಿಳೀಲಿಲ್ಲೇನ ನಿನಗ? ಬಿಡಿಸ್ಯಾರ."

"ಬೈಲೇ ಇಲ್ಲಲ್ರಿ ಅವ್ವಾರ," ಎಂದು ಅವನು ನಕ್ಕ. "ಬೈಲಾರದ ಬಿಡಸೂದು ಅಂದ್ರ ಹ್ಯಾಂಗ್ರಿ?"

ಸಂಜೆ ಲೆಕ್ಕ ಬರೆಯುವ ಮುನೀಮ ಬಂದು, ಅವನ ಗಂಟನ್ನು ಹೊರಗಿಟ್ಟು, ವಖಾರಿಯ ಹಿಂದಿನ ಅವನ ಖೋಲಿಗೆ ಬೀಗ ಹಾಕಿದ ಮೇಲೆಯೇ ಕಾಡಪ್ಪನ ಮುಖ ಸಣ್ಣದಾಯಿತು. ಖಾಲಿ ಗಾಡಿಯೊಂದರ ಕೆಳಗೆ ಮಲಗಿದ.

ಮರುದಿನ ಬೆಳಿಗ್ಗೆ ಅವನು ಹಿತ್ತಲಿಗೆ ಬಂದು ನಾಗವ್ವನಿಂದ ನೀರು ಇಸಿದುಕೊಂಡು ಕುಡಿದ. "ಇವತ್ತ ಬೈಸ್ಕೊತೀನ್ರಿ," ಎಂದ. "ಒಮ್ಮೆ ಬಾಯಿ ತುಂಬ ಬೈದ್ರಂದ್ರ ಎಲ್ಲಾ ಸರಿ ಹೋಗತದ. ನೀವು ನಡುವ ಬರಬ್ಯಾಡ್ರಿ."

ಈರಬಸಪ್ಪನವರು ಕಣ್ಣು ಮುಚ್ಚಿ ಕುಳಿತಿದ್ದರು. ಕಾಡಪ್ಪ ಗಾಡಿಯಿಂದ ಚೀಲವೊಂದನ್ನು ಹೊತ್ತು ನೆಟ್ಟಗೆ ಪಡಸಾಲೆಗೆ ಬಂದು, ಅವರ ಮೊಣಕಾಲ ಮುಂದೆ ಧೊಪ್ಪನೆ ಕೆಡವಿದ. ಹೊಲಿಗೆ ಬಿಚ್ಚಿ ಕಾಯಿ ಜಮಖಾನೆಯ ತುಂಬ ಹರಡಿತು, ಅವರ ತೊಡೆಯ ಮೇಲೂ ಬಿತ್ತು. ಕೆಂಪು ಧೂಳು ಎದ್ದು ಅಂಗಳದ ಹೆಂಗಸರೆಲ್ಲ ಒಮ್ಮೆಲೇ ಕೆಮ್ಮಿದರು.

"ನಿಮ್ಮ ಖಾರ ಉಸುರಾಡಿ ಉಸುರಾಡಿ ನನ್ನ ಎದಿ ಜಾಳಿಗಿ ಆಗೇದ," ಎಂದ ಕಾಡಪ್ಪ. "ನೀವು ಮೂಗು ಹಿಡಕೊಂಡು ಕುಂತ್ರ ಸಾಧು ಆಗ್ತೀರೇನು? ಕಳ್ಳ ತೂಕದ ಸಾವಕಾರ ನೀ."

ಅಂಗಳದಲ್ಲಿ ಕೈಗಳು ನಿಂತವು. ಗಂಡನ ಕತ್ತಿನ ನರ ಉಬ್ಬಿದ್ದನ್ನು ನಾಗವ್ವ ಬಾಗಿಲ ಸಂದಿಯಿಂದ ಕಂಡಳು. ಆ ನರವನ್ನು ನೋಡಿ ಹೆದರಿಯೇ ಅವಳು ಮುಪ್ಪಿಗೆ ಬಂದಿದ್ದಳು. ಈಗ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು, ಬೈಯ್ರಿ, ಎದ್ದು ಎರಡು ಬಡೀರಿ, ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

ಈರಬಸಪ್ಪನವರು ಕಣ್ಣು ತೆರೆದು ಕಾಡಪ್ಪನನ್ನು ನೋಡಿದರು. ಮತ್ತೆ ಮುಚ್ಚಿದರು. ಎದೆ ತುಂಬ ಉಸಿರೆಳೆದು ತಡೆದರು. ಬಿಡುವಾಗ ಉಬ್ಬಿದ ನರ ಇಳಿಯಿತು, ಮುಖದ ಕೆಂಪು ಇಳಿಯಿತು. ತೊಡೆಯ ಮೇಲಿನ ಕಾಯಿಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟರು.

"ಚನ್ನಬಸವ್ವಾ, ಈ ಕಾಯಿ ಬಳಕೊಂಡು ಹೋಗು," ಎಂದರು. ಆಮೇಲೆ ಕಾಡಪ್ಪನ ಕಡೆ ತಿರುಗಿ, "ನನಗ ನಿನ್ನ ಮ್ಯಾಲೆ ಏನೂ ಸಿಟ್ಟಿಲ್ಲಪಾ. ಹೋಗು. ಮುಂಜಾನೆದ್ದು ಬಯಲಾಗ ಕುಂತು ಉದ್ದಕ ಉಸುರು ತಗೊಳ್ಳೂದು ರೂಢಿ ಮಾಡು. ಕೆಮ್ಮು ಕಡಿಮಿ ಆಗತದ."

ಕಾಡಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ. ಗಂಟು ಎತ್ತಿಕೊಂಡು ಸೇತುವೆಯ ಕಡೆ ಹೋದ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾಗವ್ವ ರೊಟ್ಟಿ ಹಾಕುತ್ತ ಬಾಯಿ ಬಿಟ್ಟಳು.

"ಪ್ಲೇಗಿನ ವರ್ಷ ನಿಮ್ಮ ಬಗಲಾಗ ಗಡ್ಡಿ ಎದ್ದಿತ್ತು. ನಿಮ್ಮ ಅಣ್ಣತಮ್ಮರೆಲ್ಲಾ ಊರ ಹೊರಗ ಓಡಿಹೋಗಿ ಗುಡಿಸಲಾ ಹಾಕ್ಕೊಂಡ್ರು. ಬೆನ್ನಮ್ಯಾಲೆ ಹೊತ್ತು ದವಾಖಾನಿಗೆ ಒಯ್ದಾಂವ ಕಾಡಪ್ಪ. ಮರತ್ರೇನು?"

"ನೆನಪದ," ಎಂದರು ಈರಬಸಪ್ಪನವರು, ಪಲ್ಯ ಕಲಸುತ್ತ. "ಮೊದಲ ಅದನ್ನ ನೆನಸಿದ್ರ ಎದಿಮ್ಯಾಲೆ ಕಲ್ಲಿಟ್ಟಂಗ ಆಗ್ತಿತ್ತು. ಈಗ ಹಂಗ ಆಗೂದಿಲ್ಲ. ಮನಸ್ಸು ಹಗುರಾಗೇದ. ಇನ್ನೊಂದು ರೊಟ್ಟಿ ಹಾಕು."

ಉಂಡು, ಕೈ ತೊಳೆದು, ಎಡಮಗ್ಗುಲಾಗಿ ಮಲಗಿದರು. ನಾಗವ್ವ ತಟ್ಟೆ ಎತ್ತಿ ಬರುವಷ್ಟರಲ್ಲಿ ಅವರ ಉಸಿರು ನೀಳವಾಗಿತ್ತು.

ಅವಳು ಅರಿವೆಯಲ್ಲಿ ರೊಟ್ಟಿ ಚಟ್ನಿ ಕಟ್ಟಿಕೊಂಡು ಸೇತುವೆಗೆ ಹೋದಳು. ಕಾಡಪ್ಪ ಕಟ್ಟೆಯ ಮೇಲೆ, ವಖಾರಿಯ ದಾರಿ ಕಾಣುವಂತೆ ಕುಳಿತಿದ್ದ. ಬುತ್ತಿಯನ್ನು ಇಸಿದುಕೊಂಡವನು ಬಿಚ್ಚಲಿಲ್ಲ.

"ಸಾವಕಾರ್ರು ಉಂಡ್ರೇನ್ರಿ ಅವ್ವಾರ?"

ಸುಳ್ಳು ಹೇಳೋಣವೆಂದು ನಾಗವ್ವನಿಗೆ ಅನಿಸಿತು. ನಾಲಿಗೆ ಹೊರಳಲಿಲ್ಲ. "ಉಂಡ್ರು."

"ಮಲಗ್ಯಾರೇನ್ರಿ?"

"ಹೂಂ."

"ನಿದ್ದಿ ಹತ್ತೇದೇನ್ರಿ?"

ಅವಳು ಕೆಳಗೆ ಹಳ್ಳದ ನೀರನ್ನು ನೋಡಿದಳು. "ಹತ್ತೇದಪಾ."

ಕಾಡಪ್ಪ ತಲೆಯಾಡಿಸಿದ. ಬುತ್ತಿ ಬಿಚ್ಚಿ, ಒಂದು ಚೂರೂ ಬಿಡದೆ ನಿಧಾನವಾಗಿ ಉಂಡ. ಅರಿವೆಯನ್ನು ಮಡಿಚಿ ಅವಳ ಕೈಗೆ ಕೊಟ್ಟ. ಎದ್ದು ನಿಂತು ರುಮಾಲು ಬಿಚ್ಚಿ, ಕಟ್ಟೆಯ ಕಲ್ಲಿಗೆ ಬಡಿದು ಝಾಡಿಸಿದ. ಕೆಂಪು ಧೂಳು ಗಾಳಿಗೆ ಎದ್ದು ನಾಗವ್ವನ ಮುಖಕ್ಕೆ ಬಂತು. ಅವಳು ಸೆರಗು ಒತ್ತಿಕೊಂಡು ಕೆಮ್ಮಿದಳು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವನು ಊರ ಹೊರಗೆ ಕೊಂಢವಾದ ಕಡೆ ಹೊರಟ ಗಾಡಿಗಳ ಮರೆಗೆ ಸೇರಿದ್ದ. ಗಾಲಿಗಳ ಸದ್ದಿನ ನಡುವೆ ಅವನ ಕೆಮ್ಮು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.